ಪೆನ್ಸಿಲ್‌ನಲ್ಲಿ ಬರೆದ ಮುಖಕ್ಕೆ ಜೀವ ಎಲ್ಲಿಂದ ಬರುತ್ತದೆ?

ಫೋಟೋದ ಮೇಲೆ ಚೌಕ ಹಾಕಿ, ಒಂದೊಂದೇ ಚೌಕವನ್ನು ಹಾಳೆಗೆ ಇಳಿಸುತ್ತಾ ಹೋದರೆ ಯಾರ ಮುಖವನ್ನಾದರೂ ಸರಿಯಾದ ಅಳತೆಯಲ್ಲಿ ಬಿಡಿಸಬಹುದು. ತಾಳ್ಮೆ ಬೇಕು, ಅಷ್ಟೆ. ಹೀಗೆ ಬಿಡಿಸಿದ ಚಿತ್ರ ನೋಡಿ ಮನೆಯವರು "ಹೌದು, ಅಜ್ಜನ ಹಾಗೇ ಇದೆ" ಅನ್ನುತ್ತಾರೆ. ಆದರೆ ಹೇಳುವಾಗ ಸ್ವಲ್ಪ ತಡೆಯುತ್ತಾರೆ. ಮೂಗು ಸರಿ ಇದೆ, ಕಿವಿ ಸರಿ ಇದೆ, ಕನ್ನಡಕವೂ ಸರಿ ಇದೆ. ಅಜ್ಜ ಮಾತ್ರ ಅಲ್ಲಿಲ್ಲ. ಇನ್ನೊಂದು ಕಡೆ, ಯಾರೋ ಹತ್ತು ನಿಮಿಷದಲ್ಲಿ ಬರೆದ ಸ್ಕೆಚ್ ಇರುತ್ತದೆ. ಅರ್ಧ ಮುಖ ಖಾಲಿ, ಅಂಗಿಗೆ ನಾಲ್ಕೇ ಗೆರೆ. ಆದರೂ ಆ ಮನುಷ್ಯ ಎದುರಿಗೆ ಕೂತು ನಮ್ಮನ್ನೇ ನೋಡುತ್ತಿದ್ದಾನೆ ಅನ್ನಿಸುತ್ತದೆ.

ಇದಕ್ಕೆ ಕೈಗುಣ, ದೇವರು ಕೊಟ್ಟ ವರ ಅಂತ ಉತ್ತರ ಹೇಳಿ ಮುಗಿಸುವವರು ಬಹಳ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಅದು ಕಲಿಯುವವರ ಬಾಗಿಲು ಮುಚ್ಚುತ್ತದೆ. ಇಲ್ಲಿ ಹೇಳಿಕೊಡಬಹುದಾದ ಕಾರಣಗಳಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಮುಖದ ಯಾವ ಭಾಗವನ್ನು ಗೆರೆಗೆ ಬಿಡಬೇಕು, ಯಾವುದನ್ನು ಶೇಡಿಂಗ್‌ಗೆ ಬಿಡಬೇಕು, ಯಾವುದನ್ನು ಮುಟ್ಟದೆ ಖಾಲಿ ಬಿಡಬೇಕು?

ಮೊದಲು ಗೆರೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲೆ ಕಾವಿ ಕಲೆಯ ಚಿತ್ರಗಳಿವೆ. ಕರಾವಳಿಯ ಹಲವು ಹಳೆಯ ದೇವಸ್ಥಾನಗಳಲ್ಲಿ, ಗೋವಾದ ಕಡೆಯಲ್ಲೂ ಈ ಕಲೆ ಕಾಣುತ್ತದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಲೇಪ ಕೊಟ್ಟು, ಅದನ್ನು ಚೂಪಾದ ಸಲಕರಣೆಯಿಂದ ಕೆರೆದು ಅಡಿಯ ಬಿಳಿಯನ್ನು ಹೊರಗೆ ತರುತ್ತಾರೆ. ಒಂದೋ ಕೆಂಪು, ಇಲ್ಲವೇ ಬಿಳಿ. ನಡುವಿನ ಛಾಯೆ ಇಲ್ಲವೇ ಇಲ್ಲ. ಆದರೂ ಇದು ದೇವರು, ಇದು ಪ್ರಾಣಿ, ಇದು ಬಳ್ಳಿ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಗುರುತು ಹಿಡಿಸುವ ಕೆಲಸವನ್ನೆಲ್ಲ ಅಂಚು ಒಂದೇ ಮಾಡುತ್ತದೆ. ನಮ್ಮ ಕಣ್ಣು ಮತ್ತು ಮಿದುಳು ಅಂಚು ಹುಡುಕುವುದರಲ್ಲಿ ಪಳಗಿವೆ. ಒಂದೇ ಸಮ ಬೆಳಕಿರುವ ಜಾಗಕ್ಕಿಂತ, ಬೆಳಕು ತಟ್ಟನೆ ಬದಲಾಗುವ ಜಾಗವನ್ನೇ ಅವು ಜಾಸ್ತಿ ಗಮನಿಸುತ್ತವೆ.

ಆದರೆ ನಿಜವಾದ ಮುಖದಲ್ಲಿ ಗೆರೆಗಳೇ ಇಲ್ಲ, ಅಲ್ವಾ? ಕೆನ್ನೆಯ ಹೊರ ಅಂಚು ಅಂತ ನಾವು ಬರೆಯುವುದು ಕೆನ್ನೆ ತಿರುಗಿ ಕಣ್ಣಿಗೆ ಮರೆಯಾಗುವ ಜಾಗವನ್ನು. ನಾವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಅಂಚೂ ಸರಿಯುತ್ತದೆ. ತುಟಿಗಳ ನಡುವಿನ ಗೆರೆ ಎಂದರೆ ನೆರಳು ಕೂತ ಸಂದು. ರೆಪ್ಪೆಯ ಮೇಲಿನ ಗೆರೆ ಚರ್ಮದ ಮಡಿಕೆ. ಗದ್ದದ ಕೆಳಗಿನ ಗೆರೆ, ಗದ್ದ ಮುಂದಿದೆ, ಕುತ್ತಿಗೆ ಹಿಂದಿದೆ ಎಂದು ಹೇಳುವ ಗುರುತು. ನಾಲ್ಕೂ ಬೇರೆ ಬೇರೆ ಸಂಗತಿಗಳು. ಹೊಸಬರು ಈ ನಾಲ್ಕನ್ನೂ ಒಂದೇ ದಪ್ಪದ, ಒಂದೇ ಒತ್ತಡದ ಗೆರೆಯಲ್ಲಿ ಬರೆಯುತ್ತಾರೆ. ಮುಖ ಅಲ್ಲೇ ಚಪ್ಪಟೆಯಾಗುತ್ತದೆ.

ಹಾಗಾಗಿ ಗೆರೆಯ ಒತ್ತಡ ದಾರಿಯುದ್ದಕ್ಕೂ ಬದಲಾಗಬೇಕು. ಬೆಳಕು ಬೀಳುವ ಕಡೆ ತೆಳು, ನೆರಳಿನ ಕಡೆ ದಪ್ಪ. ಎಲುಬು ಚರ್ಮಕ್ಕೆ ಹತ್ತಿರ ಇರುವಲ್ಲಿ, ಅಂದರೆ ಹುಬ್ಬಿನ ಏಣು, ಮೂಗಿನ ಮೇಲ್ಭಾಗ, ಕೆನ್ನೆಯೆಲುಬಿನ ಹತ್ತಿರ ಗೆರೆ ಗಟ್ಟಿಯಾಗಿ, ಸ್ವಲ್ಪ ಕೋನ ಬರುವ ಹಾಗೆ ಇರಬೇಕು. ಮಾಂಸ ಜಾಸ್ತಿ ಇರುವ ಕೆಳಗೆನ್ನೆಯಲ್ಲಿ ಅದೇ ಗೆರೆ ಸಡಿಲವಾಗಬೇಕು. ಒಂದು ಆಕಾರ ಇನ್ನೊಂದರ ಹಿಂದೆ ಹೋಗುವ ಜಾಗದಲ್ಲಿ, ಉದಾಹರಣೆಗೆ ದವಡೆ ಕಿವಿಯ ಕೆಳಗೆ ಸೇರುವಲ್ಲಿ, ಒಂದು ಚೂರು ಒತ್ತಿದರೆ ಸಾಕು, ಆಳ ಬಂದುಬಿಡುತ್ತದೆ. ಇನ್ನು ಕೆಲವು ಕಡೆ ಗೆರೆ ಪೂರ್ತಿ ಕಡಿದುಹೋಗಬೇಕು. ಬೆಳಕು ಬಿದ್ದ ಹಣೆ ಬಿಳಿ ಗೋಡೆಯ ಎದುರಿಗಿದ್ದರೆ ಅಲ್ಲಿ ನಮ್ಮ ಕಣ್ಣಿಗೂ ಅಂಚು ಕಾಣುವುದಿಲ್ಲ. ಕಾಣದ್ದನ್ನು ಬರೆಯಬಾರದು. ಕಡಿದ ಜಾಗವನ್ನು ನೋಡುವವರ ಕಣ್ಣು ತಾನಾಗಿಯೇ ತುಂಬಿಕೊಳ್ಳುತ್ತದೆ. ಚಿತ್ರ ನೋಡುವವರು ಹೀಗೆ ಸ್ವಲ್ಪ ಕೆಲಸ ಮಾಡುವುದರಿಂದಲೇ ಮುಖ ಈಗ ತಾನೇ ಎದುರಿಗೆ ಮೂಡಿದ ಹಾಗೆ ಅನ್ನಿಸುತ್ತದೆ ಎಂಬುದು ನನ್ನ ನಂಬಿಕೆ.

ಗೆರೆಯ ಶಕ್ತಿ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಬೇಕಾದರೆ ಜಹಾಂಗೀರನ ಆಸ್ಥಾನದ ಒಂದು ಚಿತ್ರ ನೋಡಬೇಕು. 1618ರಲ್ಲಿ ಇನಾಯತ್ ಖಾನ್ ಎಂಬ ಅಧಿಕಾರಿ ಅಫೀಮು ಮತ್ತು ಮದ್ಯದ ಚಟದಿಂದ ಬಡಕಲಾಗಿ ಸಾವಿನ ಅಂಚಿನಲ್ಲಿದ್ದ. ಅವನನ್ನು ಕಂಡು ಬೆರಗಾದ ಬಾದಶಹ, ಚಿತ್ರ ಬರೆಯಲು ಕಲಾವಿದರಿಗೆ ಹೇಳಿದ. ಆ ರೇಖಾಚಿತ್ರ ಈಗ ಅಮೆರಿಕದ ಬಾಸ್ಟನ್ ನಗರದ ಮ್ಯೂಸಿಯಂನಲ್ಲಿದೆ. ಅದರ ಬಣ್ಣದ ರೂಪ ಆಕ್ಸ್‌ಫರ್ಡ್‌ನಲ್ಲಿದೆ. ಅದನ್ನು ಬರೆದದ್ದು ಕುಂಚದಲ್ಲಿ, ಪೆನ್ಸಿಲ್‌ನಲ್ಲಲ್ಲ. ಆದರೆ ಪಾಠ ಒಂದೇ. ದಿಂಬಿಗೆ ಒರಗಿ ಕೂತ ಆ ದೇಹದ ಪಕ್ಕೆಲುಬು, ಒಳಕ್ಕೆ ಹೋದ ಕೆನ್ನೆ, ಚೂಪಾದ ಮೂಗು, ಎಲ್ಲವನ್ನೂ ಹೇಳುವುದು ಮುಖ್ಯವಾಗಿ ಗೆರೆ. ಛಾಯೆ ತೀರಾ ಕಡಿಮೆ. ಎಲುಬು ಇದ್ದಲ್ಲಿ ಗೆರೆ ಬಿಗಿಯುತ್ತದೆ. ಅವನಲ್ಲಿ ಇನ್ನೂ ಉಸಿರು ಉಳಿದಿದೆ ಅಂತ ನಮಗೆ ಗೊತ್ತಾಗುತ್ತದೆ.

ಹಾಗಾದರೆ ಗೆರೆ ಒಂದೇ ಸಾಕಲ್ಲ? ಅಷ್ಟು ಪಳಗಿದ ಕೈಯಲ್ಲಿ ಸಾಕಾಗಬಹುದು. ಸಾಮಾನ್ಯವಾಗಿ ಸಾಲದು. ಇದನ್ನು ಮನೋವಿಜ್ಞಾನಿಗಳು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಪರಿಚಿತ ಮುಖಗಳ ಫೋಟೋದಿಂದ ಬರೀ ಅಂಚುಗಳನ್ನು ನಕಲು ಮಾಡಿ ತೋರಿಸಿದರೆ ಜನ ಗುರುತಿಸುವುದು ತುಂಬಾ ಕಷ್ಟ. 1992ರಲ್ಲಿ ಬ್ರಿಟನ್ನಿನ ವಿಕಿ ಬ್ರೂಸ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಗೆರೆಚಿತ್ರಕ್ಕೆ ಕಪ್ಪು ಭಾಗಗಳನ್ನು, ಅಂದರೆ ಕೂದಲು, ಹುಬ್ಬು, ಗಾಢ ನೆರಳುಗಳನ್ನು ಸೇರಿಸಿದಾಗ ಗುರುತಿಸುವುದು ಬಹಳ ಸುಲಭವಾಯಿತು. ಮುಖವನ್ನು ನಾವು ನಕ್ಷೆಯ ಹಾಗೆ ಓದುವುದಿಲ್ಲ. ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂಬ ಹಂಚಿಕೆಯನ್ನು ಒಟ್ಟಿಗೆ ಓದುತ್ತೇವೆ. ಫೋಟೋದ ನೆಗೆಟಿವ್‌ನಲ್ಲಿ ಮನೆಯವರನ್ನೇ ಗುರುತು ಹಿಡಿಯಲು ತಡಬಡಿಸುತ್ತಿದ್ದೆವು. ನೆನಪಿದೆಯೇ? ಅದರಲ್ಲಿ ಅಂಚುಗಳೆಲ್ಲ ಸರಿಯಾಗಿಯೇ ಇದ್ದವು. ಕಪ್ಪು ಬಿಳುಪು ಮಾತ್ರ ಅದಲುಬದಲಾಗಿತ್ತು.

ಹುಬ್ಬಿನ ಮೇಲೆ ನಡೆದ ಇನ್ನೊಂದು ಅಧ್ಯಯನವೂ ಇಲ್ಲಿ ಹೇಳಬೇಕಾದದ್ದು. 2003ರಲ್ಲಿ ಪವನ್ ಸಿನ್ಹಾ ಮತ್ತು ಜೊತೆಗಾರರು ಹೆಸರಾಂತ ವ್ಯಕ್ತಿಗಳ ಫೋಟೋಗಳಲ್ಲಿ ಒಮ್ಮೆ ಕಣ್ಣು ಅಳಿಸಿದರು, ಇನ್ನೊಮ್ಮೆ ಹುಬ್ಬು ಅಳಿಸಿದರು. ಹುಬ್ಬು ಇಲ್ಲದ ಮುಖಗಳನ್ನು ಗುರುತಿಸುವುದೇ ಜನರಿಗೆ ಹೆಚ್ಚು ಕಷ್ಟವಾಯಿತು. ಪೋರ್ಟ್ರೇಟ್ ಬರೆಯುವವರು ಕಣ್ಣಿನ ಒಳಗೆ ಗಂಟೆಗಟ್ಟಲೆ ಕೆಲಸ ಮಾಡಿ, ಹುಬ್ಬನ್ನು ಕೊನೆಯಲ್ಲಿ ಸುಮ್ನೆ ಕೂದಲು ಕೂದಲಾಗಿ ಗೀಚಿ ಮುಗಿಸುತ್ತಾರೆ. ಹುಬ್ಬನ್ನು ಮೊದಲೇ ಒಂದು ಕಪ್ಪು ಆಕಾರವಾಗಿ ಹಾಕಿಕೊಳ್ಳಿ. ಎಲ್ಲಿ ದಪ್ಪ, ಎಲ್ಲಿ ಬಾಗು, ಕಣ್ಣಿನಿಂದ ಎಷ್ಟು ಮೇಲೆ ಎನ್ನುವುದನ್ನು ಆಗಲೇ ತೀರ್ಮಾನಿಸಿ.

ಈಗ ಶೇಡಿಂಗ್. ಅದರ ಕೆಲಸ ಎರಡು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವುದು ಒಂದು. ತಲೆಗೆ ಗಾತ್ರ, ತೂಕ ಇದೆ ಎಂದು ನಂಬಿಸುವುದು ಇನ್ನೊಂದು. ನಮ್ಮ ಕಡೆ ಗೋಡೆಗೆ ಇಡುವ ಚಿರೆಕಲ್ಲನ್ನು ಒಮ್ಮೆ ಅಂಗಳದ ಬಿಸಿಲಲ್ಲಿಟ್ಟು ನೋಡಿ. ಮೇಲಿನ ಮುಖ ಒಂದು ಬೆಳಕು, ಎದುರಿನ ಮುಖ ಇನ್ನೊಂದು, ಪಕ್ಕದ್ದು ಮತ್ತೊಂದು. ತಲೆಯೂ ಹಾಗೆಯೇ. ಹಣೆಗೆ ಎದುರು ಭಾಗ ಇದೆ, ಪಕ್ಕದ ಭಾಗ ಇದೆ, ಎರಡೂ ಕೂಡುವ ಏಣು ಇದೆ. ಮೂಗಿಗೆ ಮೇಲ್ಭಾಗ, ಎರಡು ಪಕ್ಕ, ಒಂದು ಅಡಿಭಾಗ. ಏಣು ಉಜ್ಜಿ ದುಂಡಗಾಗಿದೆ, ಅಷ್ಟೇ ವ್ಯತ್ಯಾಸ. ಯಾವ ಭಾಗ ಬೆಳಕಿಗೆ ಮುಖ ಮಾಡಿದೆ, ಯಾವುದು ಬೆನ್ನು ಮಾಡಿದೆ ಎಂದು ವಿಂಗಡಿಸುವುದೇ ಶೇಡಿಂಗ್‌ನ ಅರ್ಧ ಕೆಲಸ. ಕಣ್ಣನ್ನು ಕಿರಿದು ಮಾಡಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಈ ಎರಡೇ ಗುಂಪು ಕಾಣುತ್ತವೆ. ಮೊದಲು ಅವನ್ನೇ ಹಾಕಬೇಕು.

ದುಂಡಗಿನ ಭಾಗದಲ್ಲಿ ಬೆಳಕು ನಿಧಾನವಾಗಿ ಕಮ್ಮಿಯಾಗುತ್ತಾ ಹೋಗಿ ನೆರಳಾಗುತ್ತದೆ. ಆ ನೆರಳಿನಲ್ಲಿ ಅತಿ ಗಾಢವಾದ ಪಟ್ಟಿ ಅಂಚಿನಲ್ಲಿ ಇರುವುದಿಲ್ಲ, ಸ್ವಲ್ಪ ಒಳಗೆ ಇರುತ್ತದೆ. ಅಂಚಿನ ಹತ್ತಿರ ಗೋಡೆ, ನೆಲ, ಅಂಗಿಯಿಂದ ಮರಳಿ ಬಂದ ಮಂದ ಬೆಳಕು ಬಿದ್ದಿರುತ್ತದೆ. ದವಡೆಯ ಅಡಿಯಲ್ಲಿ ಈ ಮಂದ ಬೆಳಕನ್ನು ಉಳಿಸಿಕೊಂಡರೆ ತಲೆ ಹಾಳೆಯಿಂದ ಎದ್ದು ನಿಲ್ಲುತ್ತದೆ. ಆದರೆ ಅದನ್ನು ಜಾಸ್ತಿ ಬೆಳಗಿಸಬಾರದು. ಅದು ನೆರಳಿನ ಗುಂಪಿಗೇ ಸೇರಿದ್ದು. ಬೆಳಕಿನ ಕಡೆಯ ಅತಿ ಮಂದ ಭಾಗಕ್ಕಿಂತಲೂ ಅದು ಗಾಢವಾಗಿಯೇ ಇರಬೇಕು. ಮುಖಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ.

ನೆರಳಿನ ಅಂಚೂ ಮಾತಾಡುತ್ತದೆ. ಮೂಗು ಮೇಲ್ದುಟಿಯ ಮೇಲೆ ಚೆಲ್ಲುವ ನೆರಳಿಗೆ, ಮೂಗಿನ ಬುಡದ ಹತ್ತಿರ ಅಂಚು ಚೂಪು. ದೂರ ಹೋದಂತೆ ಮಸುಕು. ಕೆನ್ನೆ ತಾನೇ ತಿರುಗಿ ನೆರಳಾಗುವಲ್ಲಿ ಅಂಚು ಮೆತ್ತಗೆ. ಎಲ್ಲ ಅಂಚನ್ನೂ ಬೆರಳಿನಿಂದ ಉಜ್ಜಿ ಒಂದೇ ಸಮ ನುಣುಪು ಮಾಡಿದರೆ ಎಲುಬು, ಮಾಂಸ, ಕೂದಲು ಎಲ್ಲವೂ ಒಂದೇ ವಸ್ತುವಾಗಿಬಿಡುತ್ತವೆ. ನುಣುಪನ್ನೇ ಕೌಶಲ ಅಂತ ಮೆಚ್ಚುವುದು ಈಗ ಜಾಸ್ತಿಯಾಗಿದೆ. ನನಗೆ ಅದರಲ್ಲಿ ಮನುಷ್ಯ ಸಿಗುವುದಿಲ್ಲ. ಕೆನ್ನೆಯ ದುಂಡನ್ನು ಅನುಸರಿಸಿ ಬಾಗುವ ಸಣ್ಣ ಸಣ್ಣ ಗೆರೆಗಳಲ್ಲಿ ಶೇಡ್ ಮಾಡಿದರೆ, ನೆರಳಿನ ಜೊತೆಗೆ ಮೇಲ್ಮೈ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದೂ ಗೊತ್ತಾಗುತ್ತದೆ. ಗೆರೆ ಮತ್ತು ಶೇಡಿಂಗ್ ಒಂದಾಗುವುದು ಅಲ್ಲಿ.

ಯಾರನ್ನಾದರೂ ಕೂರಿಸಿ ಬರೆಯುವಾಗ ಜಾಗದ ಆಯ್ಕೆಯೇ ಅರ್ಧ ಚಿತ್ರ. ಶಿರಸಿ, ಸಿದ್ದಾಪುರ ಕಡೆಯ ಹಳೆಯ ಮನೆಗಳ ಜಗುಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಕಡೆ ತೆರೆದ ಅಂಗಳ, ಇನ್ನೊಂದು ಕಡೆ ಕತ್ತಲೆಯ ಒಳಮನೆ. ಮಳೆಗಾಲದಲ್ಲಂತೂ ಮೋಡದ ಬೆಳಕು ಮೆತ್ತಗೆ ಒಂದೇ ದಿಕ್ಕಿನಿಂದ ಬರುತ್ತದೆ. ಗಂಟೆಗಟ್ಟಲೆ ಹೆಚ್ಚು ಬದಲಾಗುವುದೂ ಇಲ್ಲ. ಕಾರವಾರದ ಕಡಲತೀರದಲ್ಲಿ ಬೇರೆಯೇ ಲೆಕ್ಕ. ಮಧ್ಯಾಹ್ನ ಬೆಳಕು ನೆತ್ತಿಯಿಂದ ಬಂದು ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಜೊತೆಗೆ ಮರಳಿನಿಂದ ಚಿಮ್ಮಿದ ಬೆಳಕು ಗದ್ದದ ಅಡಿಯನ್ನು, ಮೂಗಿನ ಅಡಿಯನ್ನು ಬೆಳಗಿಸಿ, ಮಾಮೂಲಿ ನೆರಳಿನ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. ಸಂಜೆ ಕಡಲಿಗೆ ಮುಖ ಮಾಡಿ ಕೂರಿಸಿದರೆ ಬೆಳಕು ನೇರ ಎದುರಿನಿಂದ ಬಿದ್ದು ಮುಖ ಸಪ್ಪೆಯಾಗುತ್ತದೆ, ಕೂತವರು ಕಣ್ಣು ಕಿರಿದು ಮಾಡುತ್ತಾರೆ. ಕಡಲು ಒಂದು ಪಕ್ಕಕ್ಕೆ ಬರುವ ಹಾಗೆ ಕೂರಿಸಿ.

ಚರ್ಮದ ಬಣ್ಣದ ವಿಷಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಮುಖ ಬರೆಯಲು ಹೊರಟವರು ಮುಖಕ್ಕೆಲ್ಲ ಒಂದೇ ಸಮ ಬೂದು ಬಳಿದು, ಅದರ ಮೇಲೆ ಕಣ್ಣು ಮೂಗು ಬರೆಯುವುದನ್ನು ನೋಡಿದ್ದೇನೆ. ಮುಖ ಉಳಿಯುವುದಿಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ತಿಳಿ ಬಣ್ಣದ ಚರ್ಮದಲ್ಲಿ ಆಕಾರವನ್ನು ಹೇಳುವುದು ಹೆಚ್ಚಾಗಿ ನೆರಳು. ಗಾಢ ಬಣ್ಣದ ಚರ್ಮದಲ್ಲಿ ಆಕಾರವನ್ನು ಹೇಳುವುದು ಹೆಚ್ಚಾಗಿ ಹೊಳಪು. ಹಣೆ, ಕೆನ್ನೆಯೆಲುಬು, ಮೂಗಿನ ತುದಿ, ಕೆಳದುಟಿಯ ಮೇಲೆ ಬಿದ್ದ ಬೆಳಕಿನ ಆಕಾರ ಇಲ್ಲಿ ಚೂಪಾಗಿ, ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಆ ಹೊಳಪುಗಳ ಆಕಾರವನ್ನು ಮೊದಲೇ ಗುರುತಿಸಿ ಹಾಳೆಯನ್ನು ಖಾಲಿ ಬಿಡಬೇಕು, ಅಥವಾ ಹಿಟ್ಟಿನ ಹಾಗೆ ಮಿದುಗುವ ಮೆತ್ತನೆಯ ರಬ್ಬರಿನಿಂದ ಒತ್ತಿ ತೆಗೆಯಬೇಕು. ಅತಿ ಗಾಢ ಕಪ್ಪನ್ನು ಮೂಗಿನ ಹೊಳ್ಳೆ, ತುಟಿಯ ಸಂದು, ಕಣ್ಣಿನ ಪಾಪೆಗೆ ಉಳಿಸಿಕೊಳ್ಳಬೇಕು. ಚರ್ಮಕ್ಕೇ ಎಲ್ಲ ಕಪ್ಪನ್ನೂ ಖರ್ಚು ಮಾಡಿದರೆ ಕಣ್ಣಿಗೆ ಏನೂ ಉಳಿಯುವುದಿಲ್ಲ.

ಈ ಉಳಿತಾಯ ಮುಖ್ಯ, ಏಕೆಂದರೆ ಪೆನ್ಸಿಲ್‌ನ ಹರವೇ ಚಿಕ್ಕದು. ಪೆನ್ಸಿಲ್ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಇಂಗ್ಲೆಂಡಿನ ಗ್ರಾಫೈಟ್ ಯುದ್ಧದಿಂದಾಗಿ ಸಿಗದೆ ಹೋದಾಗ, 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಈ ಮಿಶ್ರಣವನ್ನು ಸುಟ್ಟು ಕಡ್ಡಿ ಮಾಡುವ ವಿಧಾನ ಕಂಡುಹಿಡಿದ. ಮಣ್ಣು ಜಾಸ್ತಿಯಾದರೆ ಗಟ್ಟಿ, ಅದು ಎಚ್ ಸಾಲು. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ ಮತ್ತು ಕಪ್ಪು, ಅದು ಬಿ ಸಾಲು. ಆದರೆ ಎಷ್ಟೇ ಒತ್ತಿದರೂ ಗ್ರಾಫೈಟ್ ಇದ್ದಿಲಿನಷ್ಟು ಕಪ್ಪಾಗುವುದಿಲ್ಲ. ಮಿನುಗಲು ಶುರುವಾಗುತ್ತದೆ. ಇನ್ನೊಂದು ತುದಿಯಲ್ಲಿ ಹಾಳೆಯ ಬಿಳಿಗಿಂತ ಬಿಳಿ ಇಲ್ಲ. ಬಿಸಿಲಿನ ನಿಜವಾದ ಬೆಳಕು ನೆರಳಿನ ಅಂತರ ಇದರೊಳಗೆ ಹಿಡಿಯುವುದೇ ಇಲ್ಲ. ಹಾಗಾಗಿ ಎಷ್ಟು ಕಪ್ಪು ಎನ್ನುವುದಕ್ಕಿಂತ, ಪಕ್ಕದ್ದಕ್ಕಿಂತ ಎಷ್ಟು ಕಪ್ಪು ಎನ್ನುವುದನ್ನೇ ನೋಡಬೇಕು. ನಾಲ್ಕು ಪೆನ್ಸಿಲ್ ಸಾಕು: ಎಚ್‌ಬಿ, 2ಬಿ, 4ಬಿ, 6ಬಿ. ಅಪ್ಸರಾ, ಕ್ಯಾಮ್ಲಿನ್ ಯಾವುದಾದರೂ ಆದೀತು. ನಮ್ಮ ಮಳೆಗಾಲದಲ್ಲಿ ಹಾಳೆಯ ಕಡೆ ಮಾತ್ರ ಎಚ್ಚರ. ತೇವ ಹೀರಿದ ಹಾಳೆ ಮೆತ್ತಗಾಗಿ, ಒತ್ತಿದಲ್ಲಿ ಗುಂಡಿ ಬೀಳುತ್ತದೆ. ಅಳಿಸಿದರೆ ಮೇಲ್ಪದರ ಎದ್ದುಬರುತ್ತದೆ, ಕಪ್ಪು ಏರುವುದಿಲ್ಲ. ಹಾಳೆಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಇಟ್ಟುಕೊಳ್ಳಿ.

ಕಣ್ಣಿಗೆ ಬರೋಣ. ಕಣ್ಣಿನ ಬಿಳಿ ಭಾಗ ಬಿಳಿಯಲ್ಲ. ಅದು ಗುಂಡಗಿನ ಗುಡ್ಡೆ. ಅದರ ಮೇಲೆ ಮೇಲಿನ ರೆಪ್ಪೆಯ ನೆರಳು ಬೀಳುತ್ತದೆ, ಮೂಲೆಗಳಲ್ಲಿ ಅದು ತಿರುಗಿ ಗಾಢವಾಗುತ್ತದೆ. ಹಾಳೆಯ ಬಿಳಿಯನ್ನೇ ಅಲ್ಲಿ ಬಿಟ್ಟರೆ ಕಣ್ಣು ಬೆದರಿದ ಹಾಗೆ ಕಾಣುತ್ತದೆ, ಪಾಪೆಯ ಮೇಲಿನ ಹೊಳಪಿಗೂ ಬೆಲೆ ಇಲ್ಲದಾಗುತ್ತದೆ. ತೆಳು ಬೂದು ಹಾಕಿ, ಆ ಒಂದು ಹೊಳಪಿನ ಚುಕ್ಕೆಯನ್ನು ಮಾತ್ರ ಬಿಳಿ ಬಿಡಿ. ಮೇಲಿನ ರೆಪ್ಪೆಯ ಗೆರೆ ಗಾಢ, ಕೆಳಗಿನದು ತೀರಾ ತೆಳು. ಕೆಳರೆಪ್ಪೆಗೆ ದಪ್ಪ ಇದೆ. ಅದರ ಮೇಲಂಚು ಬೆಳಕು ಹಿಡಿಯುತ್ತದೆ. ಕಣ್ಣು ಒದ್ದೆ ಅನ್ನಿಸುವುದು ಆ ಸಣ್ಣ ಬೆಳಕಿನಿಂದ. ಬಾಯಿಯಲ್ಲೂ ಹೀಗೇ. ಮೇಲ್ದುಟಿ ಕೆಳಮುಖವಾಗಿರುವುದರಿಂದ ಸಾಮಾನ್ಯವಾಗಿ ನೆರಳಲ್ಲಿರುತ್ತದೆ, ಕೆಳದುಟಿ ಬೆಳಕಲ್ಲಿರುತ್ತದೆ. ತುಟಿಯ ಸುತ್ತ ಗೆರೆ ಎಳೆಯುವ ಅಗತ್ಯವೇ ಇಲ್ಲ. ನಡುವಿನ ಸಂದು, ಎರಡು ತುದಿ, ಕೆಳದುಟಿಯ ಅಡಿಯ ನೆರಳು, ಇಷ್ಟು ಸಾಕು. ಮನಸ್ಸಿನ ಭಾವ ಹೆಚ್ಚಾಗಿ ಕಾಣುವುದು ಬಾಯಿಯ ಆ ತುದಿಗಳಲ್ಲಿ. ಅಲ್ಲಿ ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಮನುಷ್ಯನೇ ಬದಲಾಗುತ್ತಾನೆ.

ವಯಸ್ಸಾದವರ ಮುಖದಲ್ಲಿ ಎಲ್ಲರೂ ಸುಕ್ಕಿನ ಹಿಂದೆ ಬೀಳುತ್ತಾರೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಫೋಟೋ ನೋಡಿ ಎಷ್ಟೋ ಜನ ಚಿತ್ರ ಬರೆದಿದ್ದಾರೆ. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದ, ಗಿಡಮರಗಳನ್ನು ಬೆಳೆಸಿದ ಹಾಲಕ್ಕಿ ಸಮುದಾಯದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಮುಖದ ಒಂದೊಂದು ಸುಕ್ಕನ್ನೂ ಗೆರೆಯಾಗಿ ಎಳೆದರೆ ಬಲೆ ಹೊದಿಸಿದಂತಾಗುತ್ತದೆ, ಮುಖ ಹಿಂದೆ ಉಳಿಯುತ್ತದೆ. ಸುಕ್ಕು ಎಂದರೆ ಒಂದು ಏರು, ಒಂದು ತಗ್ಗು. ಬೆಳಕಿನ ಕಡೆಯ ಸುಕ್ಕುಗಳನ್ನು ಹೆಚ್ಚುಕಡಿಮೆ ಬಿಟ್ಟುಬಿಡಬಹುದು. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಮಾತ್ರ ಅವು ಸ್ಪಷ್ಟವಾಗಿ ಕಾಣುತ್ತವೆ, ಅಲ್ಲಿ ಬರೆದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಕೊರಳ ತುಂಬಾ ಇರುವ ಮಣಿಸರಗಳಿಗೂ ಇದೇ ಮಾತು. ಎಲ್ಲ ಮಣಿಯನ್ನೂ ಸಮನಾಗಿ ಬರೆದರೆ ಕಣ್ಣು ಮುಖದಿಂದ ಜಾರಿ ಕೊರಳಿಗೆ ಹೋಗುತ್ತದೆ. ಸರಗಳ ಗುಂಪಿಗೆ ಒಂದು ಒಟ್ಟು ಛಾಯೆ ಹಾಕಿ, ಬೆಳಕಿನಲ್ಲಿರುವ ಕೆಲವು ಮಣಿಗಳನ್ನು ಮಾತ್ರ ಬಿಡಿಸಿದರೆ ಸಾಕು.

ಬಿಡುವ ಈ ಧೈರ್ಯವನ್ನು ಕಲಿಯಲು ಫ್ರಾನ್ಸಿನ ಚಿತ್ರಕಾರ ಆಂಗ್ರನಿಗಿಂತ ಒಳ್ಳೆಯ ಗುರು ಇಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅವನು ರೋಮ್ ನಗರದಲ್ಲಿದ್ದ. 1815ರ ನಂತರ ಸರ್ಕಾರಿ ಕೆಲಸಗಳು ನಿಂತುಹೋದಾಗ, ಪ್ರವಾಸಕ್ಕೆ ಬಂದ ಇಂಗ್ಲಿಷರ ಪೆನ್ಸಿಲ್ ಚಿತ್ರ ಬರೆದು ಹೊಟ್ಟೆ ಹೊರೆದುಕೊಂಡ. ಆ ಚಿತ್ರಗಳಲ್ಲಿ ಮುಖಕ್ಕೆ ಚೂಪು ಪೆನ್ಸಿಲ್‌ನ ನವಿರಾದ ಶೇಡಿಂಗ್ ಇದೆ. ಕೋಟು, ಲಂಗ, ಕುರ್ಚಿಗಳು ಬರೀ ಓಡುವ ಗೆರೆಗಳು. ಕಣ್ಣು ಯಾವಾಗಲೂ ಕಪ್ಪು ಬಿಳುಪಿನ ಅಂತರ ಹೆಚ್ಚು ಇರುವ, ಚೂಪಾದ ಅಂಚಿರುವ ಜಾಗಕ್ಕೇ ಹೋಗುತ್ತದೆ. ಆಂಗ್ರ ಅದನ್ನು ಮುಖದಲ್ಲಿ ಮಾತ್ರ ಇಟ್ಟ. ಎದುರಿಗೆ ಕೂತು ಮಾತಾಡುವಾಗ ನಾವು ನೋಡುವುದೂ ಹಾಗೆಯೇ ಅಲ್ವಾ? ಮುಖ ಸ್ಪಷ್ಟವಾಗಿ ಕಾಣುತ್ತದೆ, ಅಂಗಿಯ ಗುಂಡಿ ಕಣ್ಣಂಚಿನಲ್ಲಿ ಮಸುಕಾಗಿ ಇರುತ್ತದೆ.

ಕಾರವಾರಕ್ಕೂ ಈ ಕಲೆಗೂ ಒಂದು ಎಳೆ ಇದೆ. ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿರುವುದು ನಮಗೆಲ್ಲ ಗೊತ್ತು. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಬಂದು ಉಳಿದಿದ್ದರು. ಅವರ ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಪೆನ್ಸಿಲ್ ಪೋರ್ಟ್ರೇಟ್‌ಗಳನ್ನೇ ಜೀವನವಿಡೀ ಬರೆದವರು. ಮನೆಯವರು, ಗೆಳೆಯರು, ಬಂದುಹೋಗುವವರು, ಯಾರನ್ನೂ ಬಿಟ್ಟವರಲ್ಲ. ಬಂಗಾಳದ ಬೌಲ್ ಪಂಥದ ಸಂತ ಗಾಯಕ ಲಾಲನ್ ಫಕೀರರನ್ನು 1889ರಲ್ಲಿ ಅವರು ಬರೆದರು. ಲಾಲನ್ ಬದುಕಿದ್ದಾಗಲೇ ಬರೆದ ಚಿತ್ರವೆಂದು ಉಳಿದಿರುವುದು ಅದೊಂದೇ ಎನ್ನುತ್ತಾರೆ. ಮರುವರ್ಷ ಲಾಲನ್ ತೀರಿಕೊಂಡರು. ಇಂಗ್ಲಿಷ್ ಕಲಾವಿದ ವಿಲಿಯಂ ರೋದೆನ್‌ಸ್ಟೈನ್ ಈ ರೇಖಾಚಿತ್ರಗಳನ್ನು ಮೆಚ್ಚಿ, 1914ರಲ್ಲಿ ಅವುಗಳಲ್ಲಿ 25ನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಲು ನೆರವಾದರು. ಅಬ್ಬರವಿಲ್ಲದ, ಎದುರಿಗಿದ್ದವರನ್ನು ಗೌರವದಿಂದ ನೋಡಿ ಬರೆದ ಚಿತ್ರಗಳವು. ಕಾರವಾರದ ಮಕ್ಕಳಿಗೆ ತಮ್ಮನ ಹೆಸರಿನ ಜೊತೆ ಈ ಅಣ್ಣನ ಚಿತ್ರಗಳನ್ನೂ ತೋರಿಸಬೇಕು ಎಂದು ನನಗೆ ಬಹಳ ಆಸೆ.

ಇವರೆಲ್ಲ ಎದುರಿಗೆ ಕೂರಿಸಿ ಬರೆದವರು. ನಾವು ಈಗ ಬರೆಯುವುದು ಹೆಚ್ಚಾಗಿ ಮೊಬೈಲ್ ಫೋಟೋ ನೋಡಿ. ತಪ್ಪೇನಿಲ್ಲ, ಆದರೆ ಒಂದು ತೊಡಕು ಗೊತ್ತಿರಲಿ. ಕೈ ಚಾಚಿದಷ್ಟು ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದಕ್ಕೆ ಸರಿದು ಚಿಕ್ಕದಾಗುತ್ತದೆ. ಹತ್ತಿರ ಇರುವುದು ದೊಡ್ಡದಾಗಿ ಕಾಣುವುದು ದೂರದ ಲೆಕ್ಕ, ಯಾವ ಕ್ಯಾಮೆರಾ ಆದರೂ ಅಷ್ಟೇ. ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಝೂಮ್ ಮಾಡಿ ತೆಗೆಯಿರಿ. ಫ್ಲ್ಯಾಶ್ ಬೇಡವೇ ಬೇಡ, ಅದು ನೆರಳನ್ನೆಲ್ಲ ಅಳಿಸುತ್ತದೆ. ಸೌಂದರ್ಯ ಹೆಚ್ಚಿಸುವ ಫಿಲ್ಟರ್ ಆಫ್ ಮಾಡಿ. ಅದು ನುಣುಪು ಮಾಡಿದ ಮುಖದಲ್ಲಿ ನಿಮಗೆ ಬೇಕಾದ ಅಂಚುಗಳೇ ಇರುವುದಿಲ್ಲ.

ಚಿತ್ರ ಮುಗಿಯಿತು ಅನ್ನಿಸಿದಾಗ ಗೋಡೆಗೆ ಒರಗಿಸಿಟ್ಟು ಕೋಣೆಯ ಆಚೆ ತುದಿಗೆ ಹೋಗಿ ನೋಡಿ. ಅಷ್ಟು ದೂರದಿಂದ ಮುಖ ಕರಗಿಹೋದರೆ ನೆರಳುಗಳು ಸಾಲದು ಎಂದರ್ಥ. 6ಬಿ ಹಿಡಿದು ಕೂದಲ ಬುಡ, ಹುಬ್ಬು, ಗದ್ದದ ಅಡಿ, ಕಿವಿಯ ಹಿಂದೆ ಇನ್ನೊಂದು ಸುತ್ತು ಕಪ್ಪು ಮಾಡಿ. ದೂರದಿಂದ ಚೆನ್ನಾಗಿದ್ದು ಹತ್ತಿರ ಬಂದಾಗ ಗಡುಸು ಅನ್ನಿಸಿದರೆ ಗೆರೆ ಜಾಸ್ತಿಯಾಗಿದೆ. ಬೆಳಕಿನ ಕಡೆಯ ಕೆನ್ನೆ ಮತ್ತು ಹಣೆಯ ಅಂಚನ್ನು ರಬ್ಬರಿನಿಂದ ಒತ್ತಿ ಮಸುಕು ಮಾಡಿ, ಒಂದೆರಡು ಕಡೆ ಪೂರ್ತಿ ತೆಗೆದುಬಿಡಿ. ಆಮೇಲೆ ಕನ್ನಡಿಯಲ್ಲಿ ಹಿಡಿದು ನೋಡಿ. ಎಡ ಬಲ ತಿರುಗಿದಾಗ ಕಣ್ಣುಗಳ ಓರೆ, ಬಾಯಿಯ ಓರೆ ತಕ್ಷಣ ಎದ್ದು ಕಾಣುತ್ತದೆ. ಓರೆ ಕಂಡರೆ ಶೇಡಿಂಗ್ ಎಷ್ಟೇ ಚೆನ್ನಾಗಿ ಬಂದಿದ್ದರೂ ಅಳಿಸಿ ಸರಿ ಮಾಡಿ.